ಹೆರಿಗೆ ಆಸ್ಪತ್ರೆಯ ಜೀಪಿನ ಹಿಂದಿನ ಅಚ್ಚು

ಆಡೂರಿನಿಂದ ಹಾನಗಲ್ಲಿಗೆ ಬರುವ ದಾರಿಯಲ್ಲಿ ಹೆರಿಗೆ ಆಸ್ಪತ್ರೆಯ ಜೀಪಿನ ಎಡಗಡೆಯ ಹಿಂದಿನ ಗಾಲಿ ಕಳಚಿಕೊಂಡು, ಜೀಪಿಗಿಂತ ಮುಂದೆ ಉರುಳಿ ಹೋದದ್ದನ್ನು ನರ್ಸ್ ಭಾಗೀರಥಿಬಾಯಿ ಕಣ್ಣಾರೆ ಕಂಡರು. ಏನಾಯಿತೆಂದು ತಿಳಿಯುವುದರೊಳಗೆ ಜೀಪು ವಾಲಿ ರಸ್ತೆ ಪಕ್ಕದ ತಗ್ಗಿಗೆ ಬಿತ್ತು. ಹಿಂದೆ ಮಲಗಿದ್ದ ಫಕ್ಕೀರವ್ವನಿಗೆ ಬೇನೆ ಜೋರಾಗಿತ್ತು. ಭಾಗೀರಥಿಬಾಯಿ ಮತ್ತು ಫಕ್ಕೀರವ್ವನ ಅತ್ತೆ ಇಬ್ಬರೂ ಸೇರಿ ಅವಳನ್ನು ಹೊರಗೆಳೆದು ಹುಣಸೆ ಮರದ ನೆರಳಿಗೆ ತಂದರು. ಮಗು ಅಲ್ಲೇ ಹುಟ್ಟಿತು. ಮಗುವೂ ತಾಯಿಯೂ ಬದುಕಿಕೊಂಡರು.

ಡ್ರೈವರ್ ಭರಮಪ್ಪನ ಕಾಲು ಮಾತ್ರ ಉಳಿಯಲಿಲ್ಲ. ಅದು ಯುದ್ಧ ಮುಗಿದ ಮೇಲೆ ಪುಣೆಯ ಹರಾಜಿನಲ್ಲಿ ಕೊಂಡು ತಂದ ಮಿಲಿಟರಿ ಜೀಪು. ಸ್ಟೇರಿಂಗ್ ಎಡಗಡೆ ಇತ್ತು. ಜೀಪು ಎಡಕ್ಕೆ ಮಗುಚಿದಾಗ ಭರಮಪ್ಪನ ಎಡಗಾಲು ಅಡಿಗೆ ಸಿಕ್ಕು ಜಜ್ಜಿಹೋಯಿತು. ಹುಬ್ಬಳ್ಳಿಯಲ್ಲಿ ಡಾಕ್ಟರು ಮೊಣಕಾಲಿನ ಕೆಳಗೆ ಕತ್ತರಿಸಿದರು. ಸವಣೂರಿನ ಈ ಭರಮಪ್ಪ ಬರ್ಮಾ ಗಡಿಯ ಕೆಸರಿನಲ್ಲಿ ಇಂಥದೇ ಜೀಪು ಓಡಿಸಿ, ಒಂದು ಗಾಯವೂ ಇಲ್ಲದೆ ಊರಿಗೆ ಮರಳಿದವನು.

ಅವನಿನ್ನೂ ಹುಬ್ಬಳ್ಳಿಯಲ್ಲಿ ಮಲಗಿರುವಾಗಲೇ ಆಸ್ಪತ್ರೆಯ ಕಮಿಟಿ ಸಭೆ ಸೇರಿತು. ಅಧ್ಯಕ್ಷರು ಅಕ್ಕಿಆಲೂರಿನ ಅಕ್ಕಿ ಗಿರಣಿಯ ಕುಬೇರಪ್ಪ ಸಾವಕಾರರು. ಜೀಪು ಕೊಡಿಸಿದವರೂ ಅವರೇ. ಮುಂದಿನ ಗಾಜಿನ ಕೆಳಗೆ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಲಾಗಿತ್ತು.

"ಮಿಲಿಟರಿಯಾಗ ಇದ್ದಾವಾ. ಜೋರ ಹೊಡ್ಯೂದು ಅವಗ ಚಟಾ ಆಗೇತಿ. ಬ್ಯಾರೆ ಡ್ರೈವರನ್ನ ನೋಡೂಣು" ಎಂದರು ಕುಬೇರಪ್ಪ.

"ನಾನು ಅವನ ಬಾಜೂಕ ಕೂತಿದ್ದೆ" ಎಂದರು ಭಾಗೀರಥಿಬಾಯಿ. "ಮುಂದೊಂದು ಚಕ್ಕಡಿ ಹೊಂಟಿತ್ತು. ಅದರ ಹಿಂದ ಹಿಂದ ನಾವು ಸಾವಕಾಶ ಬರ್ಲಿಕ್ಕೆ ಹತ್ತಿದ್ವಿ. ಜೋರ ಎಲ್ಲಿಂದ ಬಂತು?"

"ಬಾಯಾರ, ಹೆರಗಿ ಸುದ್ದಿ ಆದ್ರ ನಿಮ್ಮನ್ನ ಕೇಳ್ತೇವಿ. ಗಾಡಿ ಸುದ್ದಿ ನಮಗ ಬಿಡ್ರಿ."

ಉಳಿದವರು ನಕ್ಕರು. ಭರಮಪ್ಪನನ್ನು ಕೆಲಸದಿಂದ ತೆಗೆಯುವುದೆಂದು ಠರಾವಾಯಿತು.

ಭಾಗೀರಥಿಬಾಯಿ ಆಸ್ಪತ್ರೆಗೆ ಬಂದು ನೇರವಾಗಿ ಹಿತ್ತಲಿಗೆ ಹೋದರು. ಎತ್ತು ಹೂಡಿ ಎಳೆಸಿ ತಂದ ಜೀಪು ಅಲ್ಲಿ ಬಿದ್ದಿತ್ತು. ಕಳಚಿದ ಗಾಲಿಯೂ ಪಕ್ಕದಲ್ಲೇ ಇತ್ತು. ಅದರ ನಡುವಿನಿಂದ ಗೇಣುದ್ದದ ಕಬ್ಬಿಣದ ಸರಳೊಂದು ಮುರಿದು ಹೊರಚಾಚಿತ್ತು. ಮುರಿದ ಬಾಯಿಯ ಸುತ್ತ ಗಂಟುಗಂಟಾಗಿ ಬೆಸೆದ ಗುರುತು. ಅಂದರೆ ಈ ಸರಳು ಹಿಂದೊಮ್ಮೆ ಮುರಿದದ್ದು, ಅದನ್ನು ಯಾರೋ ಬೆಸೆದು ಕೂಡಿಸಿದ್ದಾರೆ. ನೋಡುತ್ತ ನಿಂತಾಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹಿಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಮೊದಲು ಒಂದು ಬಿಲ್ಲೆಯಿದ್ದು, ಅದರ ಸುತ್ತ ಬೋಲ್ಟುಗಳಿದ್ದವು. ಜೀಪು ಹತ್ತುವಾಗೆಲ್ಲ ಅವರ ಸೀರೆ ಅಂಚು ಆ ಬೋಲ್ಟುಗಳಿಗೆ ತಾಕಿ ಮಸಿಯಾಗುತ್ತಿತ್ತು. ಈಗ ಅಲ್ಲಿ ಒಂದೇ ಒಂದು ದಪ್ಪ ನಟ್ಟು ಇತ್ತು.

ಮಳೆಗಾಲದಲ್ಲಿ ಸ್ಪ್ರಿಂಗಿನ ಪಾಟಾ ಮುರಿದು ಜೀಪು ಶಿಗ್ಗಾವಿಯ ಗ್ಯಾರೇಜಿಗೆ ಹೋಗಿತ್ತು. ಅಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚು ದಿನ ನಿಂತದ್ದು ಅವರಿಗೆ ನೆನಪಾಯಿತು. ಮರುದಿನವೇ ಬಸ್ಸು ಹತ್ತಿ ಶಿಗ್ಗಾವಿಗೆ ಹೋದರು. ಮುರಿದ ಸರಳನ್ನು ಗಾಲಿಯಿಂದ ಬಿಡಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಜೊತೆಗೆ ಒಯ್ದರು.

ಗ್ಯಾರೇಜಿನ ಪರಮೇಶಪ್ಪ ಮಿಸ್ತ್ರಿ ಸರಳನ್ನು ನೋಡಿ ಮುಖ ಬದಲಿಸಲಿಲ್ಲ.

"ಹೌದ್ರಿ, ನಾನ ಬೆಸದದ್ದು" ಎಂದ. "ಸಾವಕಾರ್ರ ಹೊಸಾ ಜೀಪಿಂದು ಇದು. ಭತ್ತದ ಚೀಲ ಹೇರಿದ ಟ್ರೇಲರ್ ಕಟ್ಟಿ ಹಿರೇಕೆರೂರಿಂದ ಬರಾಕತ್ತಿದ್ರು. ಸರಳ ಮುರದು ಗಾಲಿ ಹೋಗಿ ಕೆರಿಯಾಗ ಬಿತ್ತು. 'ನನಗ ಮಿಲಿಟರಿ ಅಚ್ಚ ಬೇಕು, ಎಲ್ಲಿಂದರ ತಾ' ಅಂದ್ರು. ಆಗ ನಿಮ್ಮ ಗಾಡಿ ಇಲ್ಲೇ ನಿಂತಿತ್ತು."

"ಮಿಲಿಟರಿ ಅಚ್ಚಿನಾಗ ಅಂಥಾದ್ದು ಏನದ?"

"ಅದಕ್ಕ ಫುಲ್ ಫ್ಲೋಟಿಂಗ್ ಅಂತಾರ್ರಿ. ಗಾಡಿ ಭಾರ ಎಲ್ಲಾ ಹೊರಗಿನ ದಪ್ಪ ಕೊಳವಿ ಹೊರತೈತಿ. ಒಳಗಿನ ಸರಳ ಬರೇ ಗಾಲಿ ತಿರುಗಸತೈತಿ, ಅಷ್ಟ. ಅದು ಮುರದ್ರೂ ಗಾಲಿ ಎಲ್ಲೂ ಹೋಗಂಗಿಲ್ಲ, ಗಾಡಿ ನಿಂತಲ್ಲೇ ನಿಂದರತೈತಿ. ಹೊಸಾ ಜೀಪಿಂದು ಸೆಮಿ ಫ್ಲೋಟಿಂಗ್. ಅದರಾಗ ಆ ಸರಳ ಭಾರಾನೂ ಹೊರಬೇಕು, ಗಾಲೀನೂ ತಿರುಗಸಬೇಕು. ಮುರೀತು ಅಂದ್ರ ಗಾಲೀನ ಕಟಗೊಂಡು ಹೊರಗ ಬರತೈತಿ."

"ಇಷ್ಟೆಲ್ಲಾ ಗೊತ್ತಿತ್ತು ನಿನಗ. ಗೊತ್ತಿದ್ದೂ ಬೆಸದ ಸರಳ ನಮ್ಮ ಗಾಡಿಗೆ ಹಾಕಿದಿ."

"ಸಾವಕಾರ್ರ ಹೇಳಿದ್ರಿ. ಬಸರ ಹೆಂಗಸರ ತೂಕರ ಏಟ ಇರತೈತಿ, ಭತ್ತದ ಚೀಲಂತೂ ಅಲ್ಲಲ್ಲ, ತಡೀತೈತಿ ಹಾಕು ಅಂದ್ರು."

ಹದಿನಾರರಲ್ಲಿ ಗಂಡನನ್ನು ಕಳೆದುಕೊಂಡು, ಮನೆಯವರ ವಿರೋಧ ಕಟ್ಟಿಕೊಂಡು ಪುಣೆಗೆ ಹೋಗಿ ನರ್ಸ್ ಕೆಲಸ ಕಲಿತ ಹೆಂಗಸು ಭಾಗೀರಥಿಬಾಯಿ. ಕೇಳಬಾರದ ಮಾತುಗಳನ್ನು ಬೇಕಾದಷ್ಟು ಕೇಳಿದ್ದರು. ಇಂಥದು ಮಾತ್ರ ಕೇಳಿರಲಿಲ್ಲ. ಸರಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು.

ಅಕ್ಕಿಆಲೂರಿನ ಗಿರಣಿಯ ಅಂಗಳದಲ್ಲಿ ಅಂದು ಭತ್ತದ ಚಕ್ಕಡಿಗಳು ಸಾಲುಗಟ್ಟಿ ನಿಂತಿದ್ದವು. ಬಾಗಿಲ ಹತ್ತಿರವೇ ಕುಬೇರಪ್ಪನವರ ಜೀಪು. ಅದರ ಹಿಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಬಿಲ್ಲೆ, ಸುತ್ತ ಬೋಲ್ಟುಗಳು. ಭಾಗೀರಥಿಬಾಯಿ ಯಾರನ್ನೂ ಕೇಳದೆ ಹತ್ತಿ ಕೂತರು.

ಕುಬೇರಪ್ಪ ಹೊರಗೆ ಬಂದರು. "ಏನ್ರಿ ಬಾಯಾರ, ಇಲ್ಲೀತನಕ? ಇಳೀರಿ, ಒಳಗ ಬಂದು ಚಹಾ ಕುಡೀರಿ."

"ಇಳಿಯೂದಿಲ್ಲ. ಈ ಗಾಡಿ ಹಿಂದಿನ ಅಚ್ಚು ಆಸ್ಪತ್ರೀದು. ಅದು ಬಿಚ್ಚೂತನಕ ನಾ ಇಲ್ಲೇ ಕೂಡ್ತೇನಿ."

"ಆ ಜೀಪ ಕೊಡಿಸಿದಾಂವ ಯಾರು? ನಾನ."

"ಕೊಟ್ರಿ, ಹೆಸರ ಬರಿಸಿಕೊಂಡ್ರಿ. ಆಮ್ಯಾಲ ಅದರ ಅಚ್ಚು ಕದ್ರಿ. ಮುರದು ಬೆಸದದ್ದನ್ನ ಬಸರ ಹೆಂಗಸರ ಕೆಳಗ ಇಟ್ರಿ. ಅದು ಮುರದ ಮ್ಯಾಲ ತಪ್ಪು ಭರಮಪ್ಪಂದು ಅಂದ್ರಿ." ದನಿ ಏರಲಿಲ್ಲ, ಆದರೆ ಗಿರಣಿಯ ಸದ್ದಿನ ನಡುವೆಯೂ ಹತ್ತಿರದ ಚಕ್ಕಡಿಯವರಿಗೆ ಕೇಳಿಸಿತು. "ನಮ್ಮ ಹೆಣ್ಮಕ್ಕಳ ತೂಕ ಭತ್ತದ ಚೀಲಕ್ಕಿಂತ ಕಡಿಮಿ ಅಂತ ಮಿಸ್ತ್ರಿಗೆ ಹೇಳಿದ್ರಂತ. ಇವರ ಮುಂದೂ ಅದನ್ನ ಹೇಳ್ರಿ."

ಕುಬೇರಪ್ಪ ಏನೋ ಗೊಣಗಿ ಒಳಗೆ ಹೋದರು. ಬಿಸಿಲಿಗೆ ಹೆಂಗಸು ಎಷ್ಟು ಹೊತ್ತು ಕೂತಾಳು ಎಂದುಕೊಂಡಿರಬೇಕು. ಭಾಗೀರಥಿಬಾಯಿ ಸೆರಗು ತಲೆಗೆಳೆದುಕೊಂಡು ಕೂತೇ ಇದ್ದರು. ಚಕ್ಕಡಿಯವರು ಬಂದು ಒಬ್ಬೊಬ್ಬರಾಗಿ ಕೇಳಿದರು. ಭಾಗೀರಥಿಬಾಯಿ ಸರಳನ್ನು ಬಿಚ್ಚಿ ತೋರಿಸಿ ನಡೆದದ್ದನ್ನು ಹೇಳಿದರು. ಕರಬಸಪ್ಪನೆಂಬ ರೈತ ಸರಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹೋಗಿ ತನ್ನ ಎತ್ತು ಹೂಡಿದ. ಅವನ ಹೆಂಡತಿಯ ಎರಡೂ ಹೆರಿಗೆ ಹಾನಗಲ್ಲಿನ ಆಸ್ಪತ್ರೆಯಲ್ಲೇ ಆಗಿದ್ದವು. ಚಕ್ಕಡಿ ತಿರುಗಿಸಿ ಪೇಟೆಯ ಇನ್ನೊಂದು ಗಿರಣಿಯ ಕಡೆ ಹೊಡೆದ. ಸ್ವಲ್ಪ ಹೊತ್ತಿಗೆ ಅವನ ಹಿಂದಿನವನೂ ಹೊರಟ. ಆಮೇಲೆ ಸಾಲೇ ಕದಲಿತು.

ಕುಬೇರಪ್ಪ ಮತ್ತೆ ಹೊರಗೆ ಬಂದಾಗ ಅಂಗಳ ಅರ್ಧ ಖಾಲಿಯಾಗಿತ್ತು. ಶಿಗ್ಗಾವಿಗೆ ಆಳು ಕಳಿಸಿ ಎಂದು ಗುಮಾಸ್ತನಿಗೆ ಕೂಗಿ ಹೇಳಿದರು.

ಮರುದಿನ ಅದೇ ಅಂಗಳದಲ್ಲಿ, ಭಾಗೀರಥಿಬಾಯಿಯ ಕಣ್ಣೆದುರಿಗೇ, ಪರಮೇಶಪ್ಪ ಅಚ್ಚನ್ನು ಬಿಚ್ಚಿ, ಹಾನಗಲ್ಲಿನಿಂದ ಎಳೆಸಿ ತಂದಿದ್ದ ಆಸ್ಪತ್ರೆಯ ಜೀಪಿಗೆ ಹಾಕಿದ.

"ಇನ್ನ ಕಮಿಟಿಯೊಳಗ ಒಂದು ಮಾತು ಹೇಳ್ರಿ" ಎಂದರು ಅವರು ಕುಬೇರಪ್ಪನಿಗೆ. "ತಪ್ಪು ಭರಮಪ್ಪಂದಲ್ಲ ಅಂತ."

"ಅಚ್ಚ ಕೊಟ್ಟೆನಲ್ಲ. ಮುಗೀತು."

ಕುಬೇರಪ್ಪ ಹೇಳಲಿಲ್ಲ. ಮುಂದಿನ ಸಭೆಯಲ್ಲಿ ಭಾಗೀರಥಿಬಾಯಿಯೇ ಎದ್ದು ನಡೆದದ್ದನ್ನೆಲ್ಲ ಹೇಳಿದರು. ಆಗಿಹೋದದ್ದನ್ನು ಯಾಕೆ ಕೆದಕುವುದು ಎಂದು ಒಬ್ಬ ಸದಸ್ಯರು ಅಂದರು. ಕುಬೇರಪ್ಪನವರೇ ಅಧ್ಯಕ್ಷರಾಗಿ ಮುಂದುವರಿದರು. ಭರಮಪ್ಪನಿಗೆ ಆಸ್ಪತ್ರೆಯಲ್ಲಿ ಕೆಲಸ ಕೊಡದಿದ್ದರೆ ತಾವೂ ಕೆಲಸ ಬಿಡುವುದಾಗಿ ಭಾಗೀರಥಿಬಾಯಿ ಹಟ ಹಿಡಿದ ಮೇಲೆ ಅವನನ್ನು ಬಾಗಿಲು ಕಾಯಲು ಇಟ್ಟುಕೊಂಡರು.

ಒಂದು ದಿನ ಅವನು ಊರುಗೋಲಿನ ಮೇಲೆ ಬಾಗಿ ಮೆಲ್ಲಗೆ ಕೇಳಿದ: "ಬಾಯಾರ, ಖರೇ ಹೇಳ್ರಿ. ಅವತ್ತ ನಾ ಸ್ವಲ್ಪರ ಜೋರ ಹೊಡದಿದ್ನೇನ್ರಿ? ಮಂದಿ ಅಂದದ್ದ ಕೇಳಿ ಕೇಳಿ ನನಗೂ ಹಂಗ ಅನಸಾಕತ್ತೇತಿ."

ಕಾಲು ಹೋದದ್ದಕ್ಕಿಂತ ಇದು ದೊಡ್ಡ ಅನ್ಯಾಯವೆಂದು ಭಾಗೀರಥಿಬಾಯಿಗೆ ಅನ್ನಿಸಿತು. ಆ ಮನುಷ್ಯನಿಗೆ ತಾನು ಕಂಡದ್ದರ ಮೇಲೆ ನಂಬಿಕೆ ಇಲ್ಲದಂತೆ ಮಾಡಿದ್ದರು.

"ಇಲ್ಲ" ಎಂದರು. "ಮುಂದ ಚಕ್ಕಡಿ ಇತ್ತು. ನೀ ಅದರ ಹಿಂದ ಹೊಂಟಿದ್ದಿ. ನಾ ಬಾಜೂಕ ಇದ್ದೆ."

ಅಂದಿನಿಂದ, ಜೀಪು ಕೆಡವಿದ ಡ್ರೈವರ್ ಎಂದು ಯಾರ ಬಾಯಲ್ಲಾದರೂ ಮಾತು ಬಂದರೆ, ಅದು ಬಾಣಂತಿಯ ಗಂಡನಾಗಿರಲಿ, ತಪಾಸಣೆಗೆ ಬಂದ ಸಾಹೇಬನಾಗಿರಲಿ, ಭಾಗೀರಥಿಬಾಯಿ ಕೈಯಲ್ಲಿನ ಕೆಲಸ ನಿಲ್ಲಿಸಿ, ಹಾಗೆ ಅಂದವರನ್ನು ಕೂರಿಸಿ, ಎರಡು ಬಗೆಯ ಅಚ್ಚುಗಳ ವಿಷಯವನ್ನು ಮೊದಲಿನಿಂದ ಹೇಳತೊಡಗುತ್ತಿದ್ದರು. ಪೂರ್ತಿ ಕೇಳುವವರೆಗೆ ಯಾರನ್ನೂ ಏಳಗೊಡುತ್ತಿರಲಿಲ್ಲ.