ರೂಪಿಬಾಯಿಯ ಬಾವಿ

ಸುಂದರವ್ವ ಹಗ್ಗವನ್ನು ಗಂಡನ ಕೈಯಿಂದ ಕಿತ್ತುಕೊಂಡಳು.

"ನೀವು ಸರೀರಿ. ಹೆಣದ ಜಳಕಕ್ಕ ನೀರು ಹೆಂಗಸ್ರು ಸೇದತಾರ. ಸತ್ತ ಮ್ಯಾಲೂ ಅಕಿ ಚಾಕರಿ ನಿಮಗ ಬೇಕೇನು?"

ಕೇಶಪ್ಪ ಏನೋ ಹೇಳಲು ಬಾಯಿ ತೆರೆದು, ಅಂಗಳದ ಕಡೆ ನೋಡಿ ಮುಚ್ಚಿಕೊಂಡ. ಅಂಗಳದಲ್ಲಿ ರೂಪಿಬಾಯಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ನಿನ್ನೆ ಸಂಜೆ, ಮುಸುರೆ ತಿಕ್ಕುವ ಹೋಟೆಲಿನಿಂದ ಭಾರದ ಚೀಲ ಹೊತ್ತು ಬರುವಾಗ ದಾರಿಯಲ್ಲೇ ಕುಸಿದಿದ್ದಳು. ಫೋಂಡಾದಿಂದ ಬಂದ ಮಗಳು ವಿದ್ಯಾ ಅವಳ ಪಾದ ಹಿಡಿದು ಕೂತಿದ್ದಳು. ಓಣಿಯ ಹಿರಿಯಳು ಫೂಲಿಬಾಯಿ ಆಗಲೇ ಅಪ್ಪಣೆ ಕೊಟ್ಟಾಗಿತ್ತು.

"ಕಡೀ ಜಳಕಕ್ಕ ಮನಿ ಬಾವಿ ನೀರ ಆಗಬೇಕು. ಟ್ಯಾಂಕರ್ ನೀರು ನಡ್ಯಾಂಗಿಲ್ಲ. ಈ ಓಣ್ಯಾಗ ಅಂಥಾ ಪುಣ್ಯಾ ಇದ್ದಾಕಿ ಇಕಿ ಒಬ್ಬಾಕಿನ ನೋಡು."

ಈ ಮಾತು ಸುಂದರವ್ವನಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಹೆಣವಾಗಿ ಮಲಗಿಯೂ ಗೆದ್ದವಳು ರೂಪಿಬಾಯಿಯೇ. ಸುಂದರವ್ವ ದಡದಡ ಹಿತ್ತಲಿಗೆ ನಡೆದಳು.

*

ಸಿಂದಗಿ ಕಡೆಯಿಂದ ಗಣಿಯೂರು ಕುಡಚಡೆಗೆ ಬಂದ ಹೊಸತರಲ್ಲಿ, ಬಾವಿ ತೋಡುವ ಕೇಶಪ್ಪ ಮೊದಲು ತನ್ನ ಹಿತ್ತಲನ್ನೇ ಅಗೆದಿದ್ದ. ಬಂಡೆ ಹತ್ತಿತು. ಆಮೇಲೆ ಪಕ್ಕದ ಮನೆಯ ರೂಪಿಬಾಯಿಯ ಹಿತ್ತಲಿಗೆ ಇಳಿದ. ಅವಳ ಗಂಡ ಆಗಷ್ಟೇ ತೀರಿಕೊಂಡಿದ್ದ, ಕೈಯಲ್ಲಿ ಎಳೆಯ ಮಗಳು. ಅಲ್ಲಿ ಚಿರೆಕಲ್ಲು ಸರಿದ ಕೂಡಲೇ ಸೆಲೆ ಉಕ್ಕಿತು. ಕೇಶಪ್ಪ ನೀರಿನಲ್ಲಿ ನಿಂತು ಮೇಲೆ ನೋಡಿ ನಕ್ಕ. ಇಣುಕುತ್ತಿದ್ದ ರೂಪಿಬಾಯಿಯೂ ನಕ್ಕಳು. ಆ ಎರಡು ನಗುಗಳನ್ನು ಸುಂದರವ್ವ ಎಂದೂ ಮರೆಯಲಿಲ್ಲ.

"ನನ್ನ ಹಿತ್ತಲದಾಗ ಬಂಡಿ, ಅಕಿ ಹಿತ್ತಲದಾಗ ಗಂಗವ್ವ! ಎಷ್ಟು ಮನಸಿಟ್ಟು ಅಗದ್ರೋ ಏನೋ!"

"ಭೂಮ್ಯಾಗಿನ ನೀರು ನನ್ನ ಮಾತು ಕೇಳತೈತೇನ?" ಎನ್ನುತ್ತಿದ್ದ ಕೇಶಪ್ಪ.

ಅದಿರು ಚೀನಾಕ್ಕೆ ಹೋಗತೊಡಗಿದ ಮೇಲೆ ಗುಡ್ಡದಾಚೆಯ ಗಣಿ ಪಾತಾಳಕ್ಕಿಳಿಯಿತು. ಗುಂಡಿಯಲ್ಲಿ ಒಸರುವ ನೀರನ್ನು ಪಂಪುಗಳು ಹಗಲೂ ರಾತ್ರಿ ಎತ್ತಿ ಹಳ್ಳಕ್ಕೆ ಸುರಿದವು. ಹಳ್ಳ ಕೆಂಪಾಯಿತು, ಓಣಿಯ ಬಾವಿಗಳು ಒಂದೊಂದಾಗಿ ಬತ್ತಿದವು. ಆಮೇಲೆ ಗಣಿಯವರದೇ ಟ್ಯಾಂಕರ್ ಬರತೊಡಗಿತು.

ರೂಪಿಬಾಯಿಯ ಬಾವಿ ಮಾತ್ರ ಉಳಿಯಿತು. ಕೇಳಿದವರಿಗೆಲ್ಲ ಕೊಡ ತುಂಬಿಸಿ ಕಳಿಸುತ್ತಿದ್ದಳು. "ಸಾಕೇನ ಸುಂದ್ರಿ? ಇನ್ನೊಂದು ಒಯ್ಯಿ," ಎನ್ನುತ್ತಿದ್ದಳು. ಆ ಉದಾರತನ ಸುಂದರವ್ವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ಬೇಸಿಗೆಗಳ ಹಿಂದೆ ಆ ಕೊಡುವುದೂ ನಿಂತಿತು. ರೂಪಿಬಾಯಿ ಬಾವಿಗೆ ತಗಡು ಮುಚ್ಚಿ, ಇನ್ನು ಯಾರೂ ಮುಟ್ಟಬಾರದೆಂದಳು. ಓಣಿ ಅವಳನ್ನು ಜಿಪುಣಿ ಎಂದಿತು. ಸುಂದರವ್ವ ಮಾತೇ ಬಿಟ್ಟಳು. ಆದರೆ ಬೆಳಿಗ್ಗೆ ಟ್ಯಾಂಕರಿಗೆ ಕಾದು ನಿಂತಾಗ ಆ ಹಿತ್ತಲಿನಿಂದ ರಾಟೆಯ ಕಿರುಗುಟ್ಟುವಿಕೆ ಕೇಳುತ್ತಿತ್ತು, ಅವಳ ಹೊಟ್ಟೆ ಉರಿಯುತ್ತಿತ್ತು.

*

ಸುಂದರವ್ವ ತಗಡು ಸರಿಸಿ ಬಕೆಟ್ ಬಿಟ್ಟಳು. ಬುಡುಂಗ್ ಎನ್ನಬೇಕಾದದ್ದು ಠಣ್ ಎಂದಿತು. ಬಗ್ಗಿ ನೋಡಿದಳು. ತಳದಲ್ಲಿ ಬಿರುಕುಬಿಟ್ಟ ಕೆಂಪು ಮಣ್ಣು.

ಕೇಶಪ್ಪ ಹಿಂದೆಯೇ ಬಂದು ನಿಂತಿದ್ದ.

"ಎರಡು ವರ್ಷ ಆತು," ಎಂದ. "ಇನ್ನಷ್ಟು ಅಗಿ ಅಂತ ನನ್ನ ಇಳಿಸಿದ್ಲು. ಅಗದೆ. ಆ ಪಂಪು ಎಳಿಯೋ ಆಳಕ್ಕ ನಾ ಹ್ಯಾಂಗ ಹೋಗಲಿ?"

"ಮತ್ತ ದಿನಾ ರಾಟಿ ಸಪ್ಪಳಾ?"

"ಖಾಲಿ ಬಕೀಟು ಇಳಸತಿದ್ಲು. ನೀರು ಹೋಟೆಲಿಂದ ಕ್ಯಾನಿನಾಗ ತುಂಬಿ ಚೀಲದಾಗ ತರತಿದ್ಲು, ಮ್ಯಾಲ ಕೊತಂಬ್ರಿ ಹೊಚ್ಚಿ."

ಆ ಚೀಲವನ್ನು ಸುಂದರವ್ವ ದಿನಾ ನೋಡಿದ್ದಳು. ಹೋಟೆಲಿನವರು ಕಾಯಿಪಲ್ಯ ಕೊಟ್ಟು ಕಳಿಸುತ್ತಾರೆಂದು ಅದಕ್ಕೂ ಉರಿದುಕೊಂಡಿದ್ದಳು.

"ನನಗ್ಯಾಕ ಹೇಳಲಿಲ್ಲ?"

"ಆಣಿ ಮಾಡಿಸಿಕೊಂಡಿದ್ಲು. 'ಸುಂದ್ರಿಗೆ ಗಂಡ ಅದಾನ, ನನಗ ಈ ಬಾವಿ ಒಂದ ಇತ್ತು, ಅದೂ ಹೋತಂತ ಅಕಿಗೆ ಗೊತ್ತಾಗಬಾರದು' ಅಂದ್ಲು."

ಹಾಗಾದರೆ ಅವಳೂ ಉರಿದುಕೊಂಡಿದ್ದಳು! ಸುಂದರವ್ವನಿಗೆ ಒಂದು ಕ್ಷಣ ಖುಷಿಯೇ ಆಯಿತು. ಮರುಕ್ಷಣ ಗಂಡನ ಮುಖ ಕಂಡಿತು. ತನ್ನ ಪಕ್ಕದಲ್ಲಿ ಮಲಗಿಕೊಂಡು ಆ ಹೆಂಗಸಿನ ಗುಟ್ಟು ಕಾಯ್ದ ಮುಖ. ಬೆಂಕಿ ಮತ್ತೆ ಭಗ್ಗೆಂದಿತು.

"ಸುಂದ್ರವ್ವಾ, ನೀರು ಬಂತೇನ?" ಅಂಗಳದಿಂದ ಫೂಲಿಬಾಯಿ ಕೂಗಿದಳು.

ಇಲ್ಲ ಎಂದರೆ ಸಾಕಿತ್ತು. ಇಡೀ ಓಣಿ ಬಂದು ಇಣುಕುತ್ತಿತ್ತು, ರೂಪಿಬಾಯಿ ಸೋಲುತ್ತಿದ್ದಳು. ಸುಂದರವ್ವ ಬಾಯಿ ತೆರೆದಳು.

"ಬಂತು, ತಡೀರಿ!"

ಬೇಲಿ ದಾಟಿ ತನ್ನ ಮನೆಗೆ ಹೋಗಿ, ಆ ದಿನದ ಟ್ಯಾಂಕರ್ ನೀರಿನ ಕೊಡ ಹೊತ್ತು ತಂದಳು. ಕೇಶಪ್ಪ ಕೈ ಚಾಚಿದ.

"ಮುಟ್ಟಬ್ಯಾಡ್ರಿ. ನೀವು ಆ ಕಡಿ ಹೋಗ್ರಿ. ಇದು ನಮ್ಮಿಬ್ಬರದು."

ಕೊಡದ ನೀರನ್ನು ಬಕೆಟ್ಟಿಗೆ ಸುರಿದು, ತುಂಬಿದ ಬಕೆಟ್ಟನ್ನು ಒಣ ಬಾವಿಯೊಳಗೆ ಇಳಿಸಿ, ಮೇಲಕ್ಕೆಳೆದಳು. ರಾಟೆ ಕಿರುಗುಟ್ಟಿತು. ಅಂಗಳದಲ್ಲಿ ಅಳು ನಿಂತಿತು.

"ಕೇಳ್ರಿ, ಇನ್ನೂ ನೀರೈತಿ," ಯಾರೋ ಅಂದರು. "ನಮ್ಮ ಬಾವಿ ಎಲ್ಲಾ ಬಾಯಿ ಬಿಟ್ಟಾವು. ಪುಣ್ಯಾ ಮಾಡಿದ್ಲು ಬಿಡ್ರಿ ರೂಪಿಬಾಯಿ."

ಸುಂದರವ್ವನ ಹೊಟ್ಟೆ ಧಗಧಗ ಉರಿಯಿತು. ಹಲ್ಲು ಕಚ್ಚಿಕೊಂಡು ಮನೆಯಲ್ಲಿದ್ದ ಇನ್ನೊಂದು ಕೊಡವನ್ನೂ ತಂದು ಸುರಿದಳು, ಮತ್ತೆ ಇಳಿಸಿದಳು. ಎರಡು ವರ್ಷ ಒಣಗಿದ್ದ ಹಗ್ಗ ಅವಳ ಅಂಗೈಯಲ್ಲಿ ಒದ್ದೆಯಾಗುತ್ತಿತ್ತು.