ಗೋರೆಗಾಂವ್‌ನ ಆರು ಹೆರಿಗೆಗಳು

ಗೋರೆಗಾಂವ್‌ನ ಚಾಳಿನ ಎದುರಿನ ಖಾಲಿ ಜಾಗದ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಎರಡು ವರ್ಷವಾಗಿತ್ತು. ಅಲ್ಲಿ ಹೆರಿಗೆ ಆಸ್ಪತ್ರೆ ಬರುತ್ತದಂತೆ, ಕಟ್ಟಡ ಏಳುವ ತನಕ ಬಾಡಿಗೆ ಕೋಣೆಯಲ್ಲಿ ನರ್ಸೊಬ್ಬಳನ್ನು ಕೂರಿಸುತ್ತಾರಂತೆ ಎಂದು ೧೯೫೮ರ ಬೇಸಿಗೆಯಲ್ಲಿ ಸುದ್ದಿ ಹಬ್ಬಿದಾಗ ರಾಜೀವಿ ಕಿವಿಗೊಟ್ಟು ಕೇಳಿದಳು. ಸೊಸೆ ವಸಂತಿಗೆ ಐದು ತಿಂಗಳು. ಬಯಕೆ ಮುಗಿಸಿ ತವರಿಗೆ ಕಳಿಸೋಣವೆಂದರೆ ಅವಳ ತಾಯಿ ಹೋದ ದೀಪಾವಳಿಗೆ ಮೊದಲೇ ತೀರಿಹೋಗಿದ್ದಳು. ಉಡುಪಿಯ ಆ ಮನೆಗೆ ಈಗ ಬೀಗ.

ಚಾಳಿನ ಬಸುರಿಯರನ್ನೆಲ್ಲ ಏಳನೇ ತಿಂಗಳಿಗೆ ಊರಿನ ದಾರಿ ಹಿಡಿಸುತ್ತಿದ್ದವಳು ರಾಜೀವಿಯೇ. ದಿನ ನೋಡುವುದು, ಟ್ರಂಕಿಗೆ ಹಗ್ಗ ಬಿಗಿಯುವುದು, ರೈಲಿನಲ್ಲಿ ಜೊತೆಗೆ ಹೋಗುವವರನ್ನು ಹುಡುಕುವುದು, ಎಲ್ಲ ಅವಳದೇ. "ನಮ್ಮ ಒಂದು ಮಗುವೂ ಪರವೂರಲ್ಲಿ ಕಣ್ಣು ಬಿಟ್ಟದ್ದಿಲ್ಲ" ಎಂದು ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಅಳತೆಯವರ ಜೊತೆ ವಾರ್ಡ್ ಆಫೀಸಿನ ಗುಮಾಸ್ತ ಸತ್ಯಮೂರ್ತಿ ಬಂದರು. ಮೈಸೂರಿನವರು. "ಅಯ್ಯೋ, ಏನ್ ಸೆಕೆನಪ್ಪ" ಎಂಬ ಕನ್ನಡ ಕಿವಿಗೆ ಬಿದ್ದದ್ದೇ ರಾಜೀವಿ ಮಜ್ಜಿಗೆ ಹಿಡಿದು ಹೋದಳು.

"ನರ್ಸು ಯಾವಾಗ ಬರುವುದು ಮಾರಾಯ್ರೇ?"

"ನರ್ಸಾ? ಇಲ್ಲಿ ಮಾರ್ಕೆಟ್ ಬರತ್ತಮ್ಮ. ಹೋದ ವರ್ಷ ಈ ಕಡೆ ಹುಟ್ಟಿದ್ದೇ ಆರು ಮಕ್ಕಳು. ಆರು ಹೆರಿಗೆಗೆ ಆಸ್ಪತ್ರೆ ಕಟ್ತಾರಾ?"

"ಆರಾ! ನಮ್ಮ ಚಾಳಿನಲ್ಲೇ ಹೋದ ವರ್ಷದ್ದು ಹನ್ನೊಂದು ಉಂಟು. ಅಗೋ, ನಿಮ್ಮ ಟೇಪು ಹಿಡಿದು ಎಳೀತಾ ಉಂಟಲ್ಲ, ಅದೊಂದು."

ಸತ್ಯಮೂರ್ತಿ ನಕ್ಕು ಮಗುವಿನ ಮುಷ್ಟಿಯಿಂದ ಟೇಪು ಬಿಡಿಸಿಕೊಂಡರು. "ಇವೆಲ್ಲ ಹುಟ್ಟಿದ್ದೆಲ್ಲಿ?"

"ಎಲ್ಲಿ ಎಂತ? ಅಜ್ಜಿ ಮನೆಯಲ್ಲಿ."

"ಹಾಗಿದ್ರೆ ಲೆಕ್ಕಕ್ಕೂ ಅಲ್ಲೇ ಸೇರಿದ್ವು. ನಿಮ್ಮೂರಲ್ಲೇ ಕಟ್ಟಬೇಕು ಆಸ್ಪತ್ರೆ."

ಮರುದಿನ ರಾಜೀವಿ ಹನ್ನೊಂದು ಹೆಸರು ಬರೆಸಿಕೊಂಡು ಆಫೀಸಿಗೆ ಹೋದಳು. ಜನನ ಮರಣದ ರಿಜಿಸ್ಟರುಗಳು ಸತ್ಯಮೂರ್ತಿಯವರ ಮೇಜಿನ ಮೇಲೇ ಇದ್ದವು. ಅವರು ಚೀಟಿ ಪೂರ್ತಿ ಓದಿ, ಮಡಚಿ, ಹಿಂದಕ್ಕೆ ಕೊಟ್ಟರು. ಒಂದು ಮಗುವನ್ನು ಎರಡು ಊರಲ್ಲಿ ಹುಟ್ಟಿಸಲು ಬರುವುದಿಲ್ಲ ಎಂದರು.

ಆಗಸ್ಟಿನ ಒಂದು ಬೆಳಿಗ್ಗೆ, ದಿನ ತುಂಬುವ ಮೊದಲೇ, ವಸಂತಿಗೆ ನೋವು ಬಂತು. ಅವಳ ಗಂಡ ಸೀನ ಹೋಟೆಲಿನ ಕೆಲಸಕ್ಕೆ ಹೋಗಿಯಾಗಿತ್ತು. ದೊಡ್ಡಾಸ್ಪತ್ರೆಗೆ ಲೋಕಲ್ ರೈಲಿನಲ್ಲೇ ಹೋಗಬೇಕು. ಮಳೆಗೆ ಗಾಡಿಗಳು ನಿಂತಿದ್ದವು. ಸ್ಟೇಷನ್ನಿನ ಬೆಂಚಿನ ಮೇಲೆ, ನಾಲ್ಕು ಹೆಂಗಸರು ಸೀರೆ ಮರೆ ಹಿಡಿದು ನಿಂತಿರುವಾಗ, ಹೆಣ್ಣು ಮಗು ಹುಟ್ಟಿತು. ಗಾಡಿ ಬರುವ ಹೊತ್ತಿಗೆ ಅದರ ಉಸಿರು ನಿಂತಿತ್ತು. ರಾಜೀವಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವಸಂತಿಯನ್ನು ಗಾಡಿ ಹತ್ತಿಸಿದಳು.

ನಾಲ್ಕನೇ ದಿನ ಆಫೀಸಿಗೆ ಹೋದಳು.

"ಬರೆದುಕೊಳ್ಳಿ. ಹೆಣ್ಣು. ಹುಟ್ಟಿದ್ದು ಗೋರೆಗಾಂವ್."

ಸತ್ಯಮೂರ್ತಿ ನಗುನಗುತ್ತಲೇ ಬರೆದರು. "ತಾಯಿ ಮಗು ಚೆನ್ನಾಗಿದಾರಾ?"

"ತಾಯಿ ಇದ್ದಾಳೆ."

ಅವರು ಇನ್ನೊಂದು ರಿಜಿಸ್ಟರು ಎಳೆದುಕೊಂಡರು. "ಇದರಲ್ಲೂ ಬರೀಬೇಕಮ್ಮ."

"ಬರೀರಿ. ಹಾಗೆಂದು ಮೊದಲಿನದು ಹೊಡೆದು ಹಾಕುವುದಿಲ್ಲ ಅಲ್ವಾ?"

"ಇಲ್ಲ."

"ಈ ವರ್ಷದ್ದು ಎಷ್ಟಾಯ್ತು?"

"ನಾಲ್ಕು."

ಚಾಳಿಗೆ ಮರಳಿದಾಗ ಪಕ್ಕದ ಕೋಣೆಯ ಸೇವಂತಿ ಬಾಗಿಲಲ್ಲೇ ಕಾದಿದ್ದಳು.

"ರಾಜೀವಕ್ಕ, ನನಗೆ ಈ ವಾರ ಏಳು ತುಂಬಿತು. ಇಲ್ಲೇ ಇರಲಾ? ಇಲ್ಲಿ ಹೆತ್ತರೆ ಲೆಕ್ಕಕ್ಕೆ ಇನ್ನೊಂದಾಯ್ತಲ್ಲ."

ರಾಜೀವಿ ಎದುರಿನ ಜಾಗವನ್ನು ನೋಡಿದಳು. ಮೂಲೆಗಲ್ಲುಗಳ ಬುಡದಲ್ಲಿ ಹುಲ್ಲು ಬೆಳೆದಿತ್ತು.

"ಬುಧವಾರ ದಿನ ಒಳ್ಳೆಯದುಂಟು. ಟ್ರಂಕು ತೆಗಿ" ಎಂದು ಹೇಳಿ, ಹಗ್ಗ ತರಲು ಒಳಗೆ ಹೋದಳು.