ತೊಂಬತ್ನಾಲ್ಕಕ್ಕೆ ನಿಂತ ಕಾಟಾ

ಮಾಳಿಂಗರಾಯನ ಕೈ ಬಾಯಿಗಿಂತ ಮೊದಲು ಮಾತಾಡುತ್ತದೆ ಎಂಬುದು ಸಾವಳಗಿಯಲ್ಲಿ ಎಲ್ಲರಿಗೂ ಗೊತ್ತು. ಎಮ್ಮೆ ಹಾಲು ಕೊಡದಿದ್ದರೂ ಅವನಿಗೆ ಸಿಟ್ಟು, ಬಸ್ಸು ತಡವಾದರೂ ಸಿಟ್ಟು. ಮೂರು ವರ್ಷದ ಹಿಂದೆ ಈ ಸಕ್ಕರೆ ಕಾರ್ಖಾನೆಯ ಮುಂದೆ ರೈತರು ಧರಣಿ ಕೂತಾಗ, ಕೈಯಲ್ಲಿ ಬರೆದ ತೂಕದ ಚೀಟಿ ಬೇಡ, ಕಂಪ್ಯೂಟರ್ ಚೀಟಿಯೇ ಬೇಕು ಎಂದು ಕಾಟಾ ಕೋಣೆಯ ಕಿಟಕಿಗೆ ಕಲ್ಲು ಬೀಸಿದವನು ಅವನೇ. ಕಾರ್ಖಾನೆಯವರು ಹೆದರಿ ಕಂಪ್ಯೂಟರ್ ತಂದರು. ಅಂದಿನಿಂದ ಕಬ್ಬಿನ ಗಾಡಿ ತೂಗುವ ಆ ಕಾಟಾದ ಅಂಕಿ ಕಂಪ್ಯೂಟರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣುವುದಿಲ್ಲ.

ನಿನ್ನೆ ಆ ಕಂಪ್ಯೂಟರ್ ಸುಟ್ಟು ಕೂತಿತ್ತು.

ಸುಟ್ಟದ್ದು ಅದೊಂದೇ ಆಗಿದ್ದರೆ ಮಾಳಿಂಗರಾಯ ಬೀಡಿ ಸೇದುತ್ತಾ ಕಾಯುತ್ತಿದ್ದನೋ ಏನೋ. ಮೊನ್ನೆ ಸಂಜೆ ಕರೆಂಟಿನ ತಂತಿಯಿಂದ ಕಿಡಿ ಸಿಡಿದು ಅವನ ಅಕ್ಕ ಯಲ್ಲಕ್ಕನ ಅರ್ಧ ಎಕರೆ ಕಬ್ಬಿಗೆ ಬೆಂಕಿ ಬಿದ್ದಿತ್ತು. ಗಂಡ ಸತ್ತ ಮೇಲೆ ಅವಳ ಪಾಲಿಗೆ ಉಳಿದದ್ದು ಆ ಅರ್ಧ ಎಕರೆ ಮಾತ್ರ. ನಿನ್ನೆ ಇಡೀ ದಿನ ಕಡಿಸಿ, ಎರಡು ಟ್ರೇಲರ್ ತುಂಬಿಸಿ, ಇವತ್ತು ಬೆಳಿಗ್ಗೆ ಅಕ್ಕನನ್ನೂ ಕೂರಿಸಿಕೊಂಡು ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಸುಟ್ಟ ಕಬ್ಬು ಹೆಚ್ಚು ಹೊತ್ತು ತಡೆಯುವುದಿಲ್ಲ, ಹುಳಿ ಬರುತ್ತದೆ. ಅದಕ್ಕೇ ಅಂಥ ಗಾಡಿಯನ್ನು ಸಾಲು ಬಿಟ್ಟು ಮುಂದೆ ನಿಲ್ಲಿಸುವುದು ಇಲ್ಲಿಯ ರೂಢಿ. ಹಾಗಾಗಿ ಕಾಟಾದ ಬಾಯಿಯಲ್ಲಿ ಮೊದಲು ನಿಂತದ್ದು ಯಲ್ಲಕ್ಕನ ಗಾಡಿ. ಹಿಂದೆ ಅರ್ಧ ಮೈಲಿ ಸಾಲು.

ಕಾಟಾ ಗುಮಾಸ್ತ ಹೊಳಬಸಪ್ಪ ಒಂದು ಕಬ್ಬು ಮುರಿದು ಮೂಸಿ ನೋಡಿ ಹೇಳಿದ್ದ. “ಹೊತ್ತು ಮುಳುಗೂದರಾಗ ತೂಕ ಆತಂದ್ರ ಒಳಗ ಬಿಡ್ತೀನಿ. ಆಮ್ಯಾಲ ದೇವರ ಬಂದ್ರೂ ನನ್ನ ಕೈಲಿ ಆಗೂದುಲ್ಲ.”

ಮಧ್ಯಾಹ್ನ ಜಮಖಂಡಿಯಿಂದ ಕಲ್ಮೇಶ ಬಂದ. ಅಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊಸ ಕಂಪ್ಯೂಟರ್ ಜೋಡಿಸಿ, ಕಾಟಾದ ಸಾಫ್ಟ್‌ವೇರ್ ಇಳಿಸಲು ಪೆನ್‌ಡ್ರೈವ್ ಚುಚ್ಚಿದ. ಗಂಟೆ ಮೂರಾಯಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಹುಳದ ಹಾಗೆ ತೆವಳುತ್ತಿತ್ತು, ಪಕ್ಕದಲ್ಲಿ ನಲವತ್ತೊಂದು ಎಂಬ ಅಂಕಿ. ಅರ್ಧ ಗಂಟೆಯಿಂದ ಅದು ನಲವತ್ತೊಂದೇ.

“ಸಾಮಾನು ತಂದೀಯಲ್ಲ, ಹಾಕಾಕ ಏನ್ ಧಾಡಿ?” ಎಂದು ಮಾಳಿಂಗರಾಯ ಕಿಟಕಿಗೆ ಗುದ್ದಿದ.

ಕಲ್ಮೇಶ ಬೆವರು ಒರೆಸಿಕೊಂಡ. “ನಾ ತಂದದ್ದು ಬರೀ ಬೀಜ ಇದ್ದಂಗ ರೀ, ಅಣ್ಣಾರ. ಉಳದದ್ದೆಲ್ಲಾ ಕಂಪನಿಯಿಂದ ನೆಟ್ಟಿನ್ಯಾಗ ಇಳಿದು ಬರಬೇಕು. ಪೂರಾ ಇದ್ದದ್ದೂ ಸಿಗತೈತಿ, ಆದ್ರ ಅದು ದೊಡ್ಡದು, ಹಳೇದು ಆಗಿರತೈತಿ. ಈ ಸಣ್ಣದು ಹೊಸಾದ್ನ ತಾನ ಹುಡಿಕ್ಕೊಂಡು ತರತೈತಿ. ಅಂಗಡ್ಯಾಗ ಹತ್ತು ಮಿನಿಟಿನ್ಯಾಗ ಮುಗೀತಿತ್ತು.”

“ಊಟಕ್ಕ ಎಲಿ ಹಾಕಿ ಅಕ್ಕಿ ತರಾಕ ಸಂತಿಗಿ ಹ್ವಾದಂಗಾತಲ್ಲೋ!”

ಕಲ್ಮೇಶ ಮತ್ತೆ ಪರದೆಯ ಕಡೆ ತಿರುಗಿದ. ಅಂಗಡಿಯಲ್ಲಿ ನೆಟ್ಟು ಚೆನ್ನಾಗಿದೆ ಎಂದು ಲೋಕದಲ್ಲೆಲ್ಲ ಹಾಗೇ ಇರುತ್ತದೆ ಅಂದುಕೊಂಡಿದ್ದ ಪುಣ್ಯಾತ್ಮ. ಇಲ್ಲಿ ನೋಡಿದರೆ ಎತ್ತರಕ್ಕೆ ಹೇರಿದ ಕಬ್ಬಿನ ಗಾಡಿಯೊಂದಕ್ಕೆ ಸಿಕ್ಕಿಹಾಕಿಕೊಂಡು ಕಾರ್ಖಾನೆಯ ನೆಟ್ ವೈರು ವಾರದ ಹಿಂದೆಯೇ ಹರಿದುಹೋಗಿತ್ತು.

“ಇರೂದು ಒಂದ ಟಾವರ್ ರೀ,” ಎಂದ ಕಲ್ಮೇಶ. “ಡ್ರೈವರ್‌ಗೋಳು, ಕಬ್ಬ ಕಡಿಯಾವ್ರು, ಎಲ್ಲಾರೂ ಫೋನ್ ನೋಡಾಕತ್ತಾರ. ಅರ್ಧ ತಾಸ ಅವರು ಬಂದ್ ಇಟ್ರ ಕೆಲಸ ಮುಗಿದ ಹೋಗತೈತಿ.”

ಮಾಳಿಂಗರಾಯನಿಗೆ ಇಷ್ಟೇ ಬೇಕಾಗಿತ್ತು. ಕೊನೆಗೂ ಅವನ ಕೈಗೆ ಒಂದು ಕೆಲಸ ಸಿಕ್ಕಿತ್ತು.

ಟ್ರೇಲರಿನಿಂದ ದಪ್ಪನೆಯ ಒಂದು ಕಬ್ಬು ಎಳೆದುಕೊಂಡು ಸಾಲಿನ ಉದ್ದಕ್ಕೂ ನಡೆದ. “ಫೋನ್ ಬಂದ್ ಮಾಡ್ರಿ! ಎಲ್ಲಾರೂ ಬಂದ್ ಮಾಡ್ರಿ!” ಕೆಲವರು ನಕ್ಕು ಬಂದ್ ಮಾಡಿದರು, ಕೆಲವರು ನಗುತ್ತಾ ಜೇಬಿನಲ್ಲಿಟ್ಟುಕೊಂಡರು. ಐದನೆಯ ಗಾಡಿಯ ಕೆಳಗೆ ಮಲಗಿ ಫೋನಿನಲ್ಲಿ ಕುಸ್ತಿ ನೋಡುತ್ತಿದ್ದವನೊಬ್ಬ “ನೀ ಯಾವ ಊರ ಗೌಡಲೇ?” ಎಂದ. ಕಬ್ಬು ಅವನ ಮೊಣಕಾಲಿನ ಮೇಲೆ ಬಿತ್ತು. ಅವನು ಎದ್ದು ಮಾಳಿಂಗರಾಯನ ಕಿವಿ ಹಿಡಿದು ಜಗ್ಗಿದ. ಕಿವಿ ಹರಿದು ಕುತ್ತಿಗೆಗೆ ರಕ್ತ ಇಳಿಯಿತು. ಮಾಳಿಂಗರಾಯ ಅವನ ತಲೆಯನ್ನು ಟ್ರೇಲರಿನ ಕಬ್ಬಿಣಕ್ಕೆ ಎರಡು ಸಲ ಕುಟ್ಟಿದ. ಆ ಸದ್ದು ಕೇಳಿದ್ದೇ ತಡ, ಸಾಲಿನಲ್ಲಿ ಫೋನುಗಳು ತಾವಾಗಿಯೇ ಬಂದ್ ಆಗತೊಡಗಿದವು.

ಬೀಳಗಿ ಕಡೆಯ ಡ್ರೈವರ್ ಧರೆಪ್ಪ ಮಾತ್ರ ಬಂದ್ ಮಾಡಲಿಲ್ಲ. ಫೋನಿನ ಪರದೆಯಲ್ಲಿ ಅವನ ಸಣ್ಣ ಮಗಳು ಏನೋ ತೊದಲುತ್ತಿದ್ದಳು. “ಒಂದ ಮಿನಿಟ್ ತಡಿ ಅಣ್ಣಾ, ಮಗಳ ಜೋಡಿ—” ಎನ್ನುವಷ್ಟರಲ್ಲಿ ಬಾಯಿಯ ಮೇಲೆ ಏಟು ಬಿತ್ತು. ಧರೆಪ್ಪನ ತುಟಿ ಸೀಳಿತು. ಅಪ್ಪನ ಬಾಯಿಂದ ರಕ್ತ ಸುರಿಯುವುದನ್ನು ಪರದೆಯಲ್ಲಿದ್ದ ಕೂಸು ನೋಡಿ ಚೀರಿತು. ಧರೆಪ್ಪ ಫೋನನ್ನು ಎದೆಗೆ ಒತ್ತಿಕೊಂಡು ಬಂದ್ ಮಾಡಿದ, ತಿರುಗಿ ಹೊಡೆಯಲಿಲ್ಲ, ಮಾಳಿಂಗರಾಯನ ಮುಖವನ್ನೇ ನೋಡಿದ. ಆ ನೋಟ ಮಾಳಿಂಗರಾಯನಿಗೆ ಚುಚ್ಚಿತು. ಆದರೂ ಅಕ್ಕನ ಕಬ್ಬು ದೊಡ್ಡದು ಎಂದು ಮನಸ್ಸಿಗೆ ಹೇಳಿಕೊಂಡು ಮುಂದೆ ನಡೆದ.

ನಾಲ್ಕೂವರೆಗೆ ಹಿಂತಿರುಗಿದಾಗ ಅಂಗಿಯ ಒಂದು ಪಾಲು ರಕ್ತವಾಗಿತ್ತು. ಒಂದು ಹಲ್ಲು ಅಲುಗುತ್ತಿತ್ತು. ಆದರೂ ಜೀವಕ್ಕೆ ಒಂಥರಾ ಖುಷಿ. ಇಡೀ ಸಾಲನ್ನು ಸುಮ್ಮನಾಗಿಸಿ ಬಂದಿದ್ದ. ಕಾಟಾ ಕೋಣೆಯ ಮೂಲೆ ತಿರುಗಿದ. ಮೆಟ್ಟಿಲ ಮೇಲೆ ಕಲ್ಮೇಶ ನಿಂತಿದ್ದ. ಕೆಲಸ ಮಾಡುತ್ತಿರಲಿಲ್ಲ. ಒಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು, ಅದನ್ನೇ ನೋಡಿಕೊಂಡು ಸಣ್ಣಗೆ ನಗುತ್ತಿದ್ದ.

ಮಾಳಿಂಗರಾಯ ಮೆಟ್ಟಿಲಿಗೆ ನುಗ್ಗಿದ.

“ನಮ್ಮವರ ಫೋನ್ ಎಲ್ಲಾ ಬಂದ್ ಮಾಡಿಸಿ ನೀ ಇಲ್ಲಿ ಫೋನ್ ಆಡಾಕತ್ತೀಯೇನಲೇ, ಬೋಸುಡಿಕೆ!”

“ಅಣ್ಣಾರ, ಬ್ಯಾಡ್ರಿ, ಅದು—”

ಕಸಿದುಕೊಂಡು ಕಾಟಾದ ಕಬ್ಬಿಣದ ಹಲಗೆಗೆ ಅಪ್ಪಳಿಸಿದ. ಹಿಮ್ಮಡಿ ಹಾಕಿ ತುಳಿದ, ಗಾಜು ಪುಡಿಯಾಗುವ ತನಕ ತುಳಿದ. ಬಿಡಿಸಲು ಬಗ್ಗಿದ ಕಲ್ಮೇಶನ ಮುಖಕ್ಕೆ ಮೊಣಕಾಲು ಕೊಟ್ಟ. ಮೂಗು ಮುರಿದ ಸದ್ದು ಯಲ್ಲಕ್ಕನಿಗೂ ಕೇಳಿಸಿತು. ಅವಳು “ತಮ್ಮಾ! ಬಿಡೋ ತಮ್ಮಾ!” ಎಂದು ಕೂಗುತ್ತಾ ಓಡಿಬಂದಳು. ಅಷ್ಟರಲ್ಲಿ ಒಳಗಿಂದ ಹೊಳಬಸಪ್ಪ ತಲೆ ತಲೆ ಚಚ್ಚಿಕೊಂಡು ಹೊರಬಂದ.

“ಹಾಳಾದವನ! ಸಿಗ್ನಲ್ ಸಿಗಲಿ ಅಂತ ಎತ್ತಿ ಹಿಡಿದಿದ್ದ ಆ ಫೋನಿನ್ಯಾಗಿಂದನ ಕಂಪ್ಯೂಟರಿಗಿ ನೆಟ್ ಬರಾಕತ್ತಿತ್ತಲ್ಲೋ! ತೊಂಬತ್ನಾಕು ಆಗಿತ್ತೋ, ತೊಂಬತ್ನಾಕು! ಇನ್ನ ಆರ ಉಳದಿತ್ತು!”

ಮಾಳಿಂಗರಾಯ ತುಳಿಯಲು ಎತ್ತಿದ ಕಾಲನ್ನು ಹಾಗೇ ಇಳಿಸಿದ. ವೈರು ಹರಿದ ಮೇಲೆ ನೆಟ್ಟು ಎಲ್ಲಿಂದ ಬರುತ್ತಿದೆ ಎಂದು ಅವನು ಕೇಳಿಯೇ ಇರಲಿಲ್ಲ. ಕೇಳಲು ಒಂದು ನಿಮಿಷ ಸಾಕಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಇಲ್ಲಂತೂ ಕೊಯ್ದದ್ದು ಬೇರೆಯವನ ಮೂಗು.

ಯಲ್ಲಕ್ಕ ಸೆರಗಿನಿಂದ ಕಲ್ಮೇಶನ ಮುಖ ಒತ್ತಿ ಹಿಡಿದಳು. ಸೆರಗಿನ ಹಿಂದಿನಿಂದ ಅವನು ಹೇಳಿದ. “ಇದು ನಡುವ ಕಡಿತಂದ್ರ ಮತ್ತ ಮೊದಲಿಂದನ ಇಳಿಬೇಕ್ರೀ. ಇನ್ನೊಂದ ಛಲೋ ಫೋನ್ ಕೊಡಿಸ್ರಿ. ನೋಡೂಣು.”

ಹೊಳಬಸಪ್ಪನದೂ ಮಾಳಿಂಗರಾಯನದೂ ಬರೀ ಮಾತಾಡುವ ಗುಂಡಿ ಫೋನು. ಮಾಳಿಂಗರಾಯ ಮತ್ತೆ ಅದೇ ಸಾಲಿಗೆ ಹೋದ. ಈ ಸಲ ಕೈಯಲ್ಲಿ ಕಬ್ಬು ಇರಲಿಲ್ಲ, ಎರಡೂ ಕೈ ಜೋಡಿಸಿಕೊಂಡಿದ್ದ. ಒಬ್ಬ ಉಗುಳಿದ. ಇನ್ನೊಬ್ಬ “ಬಂದ್ ಐತಿ, ನೀನ ಮಾಡಿಸೀದಿ” ಎಂದು ಮುಖ ತಿರುಗಿಸಿದ. ತಲೆ ಒಡೆದುಕೊಂಡವನ ಕಡೆ ಹೋಗುವ ಧೈರ್ಯವೇ ಆಗಲಿಲ್ಲ. ಹನ್ನೆರಡು ಗಾಡಿ ದಾಟಿ ಧರೆಪ್ಪನ ಮುಂದೆ ನಿಂತ.

“ಕೊಡ್ತೀನಿ,” ಎಂದ ಧರೆಪ್ಪ, ಊದಿದ ತುಟಿಯಲ್ಲೇ. “ಮೊದಲ ನಿಂದು ನೀ ತಿರುಗಿ ತಗೋ.”

ಮಾಳಿಂಗರಾಯ ಕೈ ಕಟ್ಟಿ ನಿಂತ. ಧರೆಪ್ಪ ಅವಸರ ಮಾಡಲಿಲ್ಲ. ಕಾಲು ಊರಿ, ತೋಳು ಹಿಂದಕ್ಕೆಳೆದು ಬಾಯಿಯ ಮೇಲೆಯೇ ಗುದ್ದಿದ. ಅಲುಗುತ್ತಿದ್ದ ಹಲ್ಲು ಉದುರಿ ಧೂಳಿನಲ್ಲಿ ಬಿತ್ತು. ಮಾಳಿಂಗರಾಯ ಮಂಡಿಯೂರಿದವನು ಎದ್ದು ಕೈ ಚಾಚಿದ. ಧರೆಪ್ಪ ಫೋನು ಕೊಟ್ಟ. ಅಷ್ಟರಲ್ಲಿ ಜಗಳದ ಸುದ್ದಿ ಹೇಳಲು ಸಾಲಿನಲ್ಲಿ ಫೋನುಗಳು ಒಂದೊಂದಾಗಿ ಮತ್ತೆ ಶುರುವಾಗಿದ್ದವು. ಬೇಡ ಎನ್ನಲು ಅವನಿಗೆ ಈಗ ಬಾಯಿ ಇರಲಿಲ್ಲ.

ಹಸಿರು ಪಟ್ಟಿ ಒಂದರಿಂದ ಹೊರಟಿತು. ಐದೂವರೆಗೆ ಇಪ್ಪತ್ತು. ಹೊತ್ತು ಮುಳುಗಿದಾಗ ಮೂವತ್ತೆಂಟು.

ಹೊಳಬಸಪ್ಪ ಹೊರಬಂದು ಟ್ರೇಲರಿನಿಂದ ಒಂದು ಕಬ್ಬು ಎಳೆದು ಮುರಿದ. ಮೂಸಿದ. ಯಲ್ಲಕ್ಕನ ಕಡೆ ನೋಡಲಾರದೆ ಕಬ್ಬಿಗೇ ಹೇಳಿದ. “ಹುಳಿ ಬಂದೈತಿ. ಗಾಡಿ ಬಾಜೂಕ ತಗೀರಿ. ಹಿಂದಿನವ್ರಿಗಿ ದಾರಿ ಬಿಡ್ರಿ.”

ಮಾಳಿಂಗರಾಯನ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತ್ತು. ಹೊಳಬಸಪ್ಪ ಹಿಂದೆ ಸರಿದ. ಯಲ್ಲಕ್ಕ ನಡುವೆ ಬಂದು ನಿಂತಳು. ಅವಳ ಸೆರಗಿನಲ್ಲಿ ಕಲ್ಮೇಶನ ರಕ್ತ ಇನ್ನೂ ಹಸಿಯಾಗಿತ್ತು.

“ಅವನಿಗ್ಯಾಕ?” ಎಂದಳು. “ಹೊಡಿ ತಮ್ಮಾ, ನನಗ ಹೊಡಿ. ಇಲ್ಲಿ ಏಟ ತಿನ್ನದ ನಾ ಒಬ್ಬಾಕಿ ಉಳದೇನಿ.”